ಕನ್ನಡ ಅಕ್ಷರಕ್ಕೆ ಅನಿಮೇಷನ್ ಹಾಕಿದ್ರೆ ಒತ್ತು ಯಾಕೆ ಕುಣಿಯತ್ತೆ?

ಪ್ರಶ್ನೆ: ಸರ್, ಮಕ್ಕಳಿಗೆ ಕನ್ನಡ ಓದೋದು ಕಲಿಸೋ ಆ್ಯಂಡ್ರಾಯ್ಡ್ ಆ್ಯಪ್ ಮಾಡ್ತಾ ಇದೀನಿ, ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ (ಆ್ಯಂಡ್ರಾಯ್ಡ್ ಸ್ಕ್ರೀನ್ ಕಟ್ಟೋ ಗೂಗಲ್ ಟೂಲ್‌ಕಿಟ್). ವಾಕ್ಯ ಒಂದೊಂದೇ ಅಕ್ಷರ ಟೈಪ್ ಆಗ್ತಾ ಬರೋ ಥರ ಅನಿಮೇಷನ್ ಹಾಕಿದೀನಿ. ಇಂಗ್ಲಿಷಲ್ಲಿ ಚೆನ್ನಾಗಿ ಬರತ್ತೆ, ಕನ್ನಡದಲ್ಲಿ ಅಕ್ಷರ ಒಡೆದು ಒಡೆದು ಕಾಣತ್ತೆ, ಕೆಲವು ಸಲ ಪದ ಒಂದು ಸಾಲಿಂದ ಇನ್ನೊಂದು ಸಾಲಿಗೆ ಹಾರತ್ತೆ. ಪಕ್ಕದಲ್ಲಿರೋ ಪ್ರೋಗ್ರೆಸ್ ರಿಂಗ್ ಬೇರೆ ಕಡಿಮೆ ಬೆಲೆ ಫೋನಲ್ಲಿ ತಡವರಿಸತ್ತೆ. ಫಾಂಟ್ ಬದಲಾಯಿಸಿ ನೋಡಿದೆ, ಪ್ರಯೋಜನ ಆಗ್ಲಿಲ್ಲ. (ಶಿವಮೊಗ್ಗದ ಓದುಗರು)

ಉತ್ತರ: ಫಾಂಟ್ ಪಾಪ ಏನೂ ಮಾಡಿಲ್ಲ, ಅದನ್ನ ಬಿಟ್ಬಿಡಿ. ನೀವು ಸಬ್‌ಸ್ಟ್ರಿಂಗ್ (ವಾಕ್ಯದ ಒಂದು ತುಂಡು) ತಗೊಂಡು, ಪ್ರತಿ ಸಲ ಒಂದೊಂದು ಕ್ಯಾರೆಕ್ಟರ್ ಸೇರಿಸ್ತಾ ಹೋಗ್ತಿದೀರ ಅನ್ಸತ್ತೆ. "ಸೂರ್ಯ" ಅನ್ನೋ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಎರಡಕ್ಷರ, ಆದ್ರೆ ಯೂನಿಕೋಡ್‌ನಲ್ಲಿ ಐದು: ಸ, ದೀರ್ಘದ ಕೊಂಬು, ರ, ವಿರಾಮ ಚಿಹ್ನೆ ("ರ"ನ "ರ್" ಮಾಡೋ ಗುರುತು), ಯ. ಹಾಗಾಗಿ ಸ್ಕ್ರೀನ್ ಮೇಲೆ ಮೊದಲು "ಸ", ಆಮೇಲೆ "ಸೂ", "ಸೂರ", "ಸೂರ್" ಅಂತ ಬಂದು, ಕೊನೇ ಸ್ಟೆಪ್‌ನಲ್ಲಿ ಇದ್ದಕ್ಕಿದ್ದ ಹಾಗೆ ರ ಮಾಯ ಆಗಿ ಆ ಜಾಗಕ್ಕೆ ಯ ಬಂದು ಅದರ ಬಲಕ್ಕೆ ಅರ್ಕಾವತ್ತು ಕೂತ್ಕೊಳತ್ತೆ. ಓದೋದು ಕಲೀತಿರೋ ಮಗುಗೆ ಇದು ಬರೀ ಚಂದ ಕಾಣಲ್ಲ ಅನ್ನೋ ವಿಷಯ ಅಲ್ಲ, ತಪ್ಪು ಪಾಠ.

ಸಾಲು ಹಾರೋದಕ್ಕೂ ಕಾರಣ ಇದೇನೇ. ಅರ್ಧ ಪದ ಇದ್ದಾಗ ಸಾಲಿನ ಕೊನೇಲಿ ಜಾಗ ಸಾಕಾಗತ್ತೆ, ಪೂರ್ತಿ ಪದ ಆದಾಗ ಸಾಕಾಗಲ್ಲ, ಕೆಳಗೆ ಇಳಿಯತ್ತೆ. ಸೆಂಟರ್ ಅಲೈನ್ ಮಾಡಿದ್ರಂತೂ ಇಡೀ ಸಾಲೇ ಪಕ್ಕಕ್ಕೆ ಜರುಗ್ತಾ ಇರತ್ತೆ.

ಅದಕ್ಕೆ ಪೂರ್ತಿ ವಾಕ್ಯವನ್ನ ಮೊದಲೇ ಟೆಕ್ಸ್ಟ್‌ಗೆ ಕೊಟ್ಬಿಡಿ, ಲೇಔಟ್ ಒಂದೇ ಸಲ ಆಗ್ಲಿ, ಎಷ್ಟು ಕಾಣಬೇಕೋ ಅದನ್ನ ಮಾತ್ರ ಅನಿಮೇಟ್ ಮಾಡಿ. ಆನ್‌ಟೆಕ್ಸ್ಟ್‌ಲೇಔಟ್‌ನಲ್ಲಿ ಸಿಗೋ ಲೇಔಟ್ ರಿಸಲ್ಟ್ ಇಟ್ಕೊಂಡು, ಅದರ ಗೆಟ್‌ಪಾತ್‌ಫಾರ್‌ರೇಂಜ್‌ಗೆ ಸೊನ್ನೆಯಿಂದ ಈಗಿನ ಸ್ಥಾನದವರೆಗೆ ಅಂತ ಕೇಳಿದ್ರೆ ಒಂದು ಪಾತ್ ಕೊಡತ್ತೆ, ಡ್ರಾವಿತ್‌ಕಂಟೆಂಟ್ ಒಳಗೆ ಆ ಪಾತ್‌ನಿಂದ ಕ್ಲಿಪ್ ಮಾಡಿ ಡ್ರಾಕಂಟೆಂಟ್ ಕರೀರಿ, ಮುಗೀತು. ಕ್ಯಾನ್ವಾಸ್ ಮೇಲೆ ನೀವೇ ಅಕ್ಷರ ಬರೆಯೋ ದಾರಿನೂ ಇದೆ, ಆದ್ರೆ ನಾನು ಬೇಡ ಅಂತೀನಿ, ಯಾಕಂದ್ರೆ ಹಾಗೆ ಬರೆದದ್ದು ಟಾಕ್‌ಬ್ಯಾಕ್‌ಗೆ (ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸೌಲಭ್ಯ) ತಾನಾಗೇ ಕಾಣಲ್ಲ, ಇಲ್ಲಿ ಅಸಲಿ ಟೆಕ್ಸ್ಟೇ ಇರೋದ್ರಿಂದ ಕಣ್ಣು ಕಾಣದವರಿಗೂ ಪೂರ್ತಿ ವಾಕ್ಯ ಓದಿ ಹೇಳತ್ತೆ.

ಈಗಿನ ಸ್ಥಾನ ಅನ್ನೋದು ಅಕ್ಷರದ ಗಡಿಯಲ್ಲೇ ನಿಲ್ಲಬೇಕು, ಇಲ್ಲಾಂದ್ರೆ ಒತ್ತಕ್ಷರದ ಮಧ್ಯ ಕತ್ತರಿ ಬೀಳತ್ತೆ. ಗಡಿ ಹುಡುಕಿ ಕೊಡೋ ಬ್ರೇಕ್‌ಇಟರೇಟರ್ ಒಂದನ್ನೇ ನಂಬಬೇಡಿ, ಅದು ಸ್ವರಚಿಹ್ನೆಗಳನ್ನ ಸರಿಯಾಗಿ ಸೇರಿಸತ್ತೆ, ಆದ್ರೆ "ರ್" ಮತ್ತೆ "ಯ" ಬೇರೆ ಬೇರೆ ತುಂಡಾಗಿ ಬರಬಹುದು. ಅದರ ಮೇಲೆ ನಿಮ್ಮದೇ ಒಂದು ನಿಯಮ ಹಾಕಿ: ತುಂಡು ವಿರಾಮ ಚಿಹ್ನೆಯಲ್ಲಿ ಮುಗಿದು ಮುಂದೆ ವ್ಯಂಜನ ಇದ್ರೆ ಎರಡನ್ನೂ ಒಂದೇ ಅಂತ ಲೆಕ್ಕ ಹಿಡೀರಿ. "ಫೋನ್" ಥರದ ಪದದ ಕೊನೇಲಿ ಮುಂದೆ ಖಾಲಿ ಜಾಗ ಇರತ್ತೆ, ಅಲ್ಲಿ ಸೇರಿಸೋ ಪ್ರಶ್ನೆನೇ ಬರಲ್ಲ. "ಸಾಫ್ಟ್‌ವೇರ್" ಅಂತ ಬರೆದಾಗ ಟ್ ಮತ್ತೆ ವೇ ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರತ್ತೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ, ಆ ತುಂಡು ಅದರಲ್ಲಿ ಮುಗಿಯೋದ್ರಿಂದ ನಿಯಮ ಅದನ್ನ ಮುಟ್ಟಲ್ಲ. ಈ ಗಡಿಗಳ ಪಟ್ಟಿನ ವಾಕ್ಯ ಬದಲಾದಾಗ ಒಂದು ಸಲ ಮಾಡಿಟ್ಕೊಳ್ಳಿ, ಪ್ರತಿ ಫ್ರೇಮ್‌ಗೂ ಅಲ್ಲ.

ರಿಂಗ್ ವಿಷಯಕ್ಕೆ ಬರೋಣ. 60 ಹರ್ಟ್ಜ್ ಫೋನಲ್ಲಿ ಒಂದು ಫ್ರೇಮ್‌ಗೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್, 120 ಆದ್ರೆ 8.3. ಕಂಪೋಸ್ ಕೆಲಸ ಮೂರು ಹಂತದಲ್ಲಿ ನಡೆಯತ್ತೆ, ಕಾಂಪೊಸಿಷನ್ (ಏನು ತೋರಿಸಬೇಕು), ಲೇಔಟ್ (ಎಲ್ಲಿ ಇಡಬೇಕು), ಡ್ರಾಯಿಂಗ್ (ಬರೆಯೋದು). ನೀವು ಅನಿಮೇಟ್ ಆಗ್ತಿರೋ ಪ್ರೋಗ್ರೆಸ್ ವ್ಯಾಲ್ಯೂನ ಕಾಂಪೋಸಬಲ್ (ಸ್ಕ್ರೀನ್‌ನ ಒಂದು ಭಾಗ ಕಟ್ಟೋ ಫಂಕ್ಷನ್) ಮೇಲ್ಭಾಗದಲ್ಲೇ ಓದಿ ಕೆಳಗೆ ಪ್ಯಾರಾಮೀಟರ್ ಆಗಿ ಕೊಟ್ರೆ ಪ್ರತಿ ಫ್ರೇಮ್‌ಗೂ ಮೊದಲನೇ ಹಂತದಿಂದ ಶುರು, ಬೇಕಾಗಿರೋದು ಮಾತ್ರ ಒಂದು ಕಮಾನಿನ ಕೋನ ಬದಲಾಗೋದು! ಲ್ಯಾಂಬ್ಡಾ (ಬೇಕಾದಾಗ ಕರೆಯೋ ಪುಟ್ಟ ಫಂಕ್ಷನ್) ಆಗಿ ಕೊಟ್ಟು ಡ್ರಾ ಬ್ಲಾಕ್ ಒಳಗೇ ಓದಿ, ಆಗ ಡ್ರಾಯಿಂಗ್ ಮಾತ್ರ ಮರುಕಳಿಸತ್ತೆ. ಗ್ರೇಡಿಯೆಂಟ್ ಬ್ರಷ್, ಪಾತ್ ಇವನ್ನೆಲ್ಲ ಡ್ರಾವಿತ್‌ಕ್ಯಾಶ್‌ನಲ್ಲಿ ಇಡಿ, ಆದ್ರೆ ಪ್ರೋಗ್ರೆಸ್‌ನ ಅದರೊಳಗಿನ ಆನ್‌ಡ್ರಾಬಿಹೈಂಡ್‌ನಲ್ಲೇ ಓದಬೇಕು, ಹೊರಗೆ ಓದಿದ್ರೆ ಕ್ಯಾಶೇ ಪ್ರತಿ ಸಲ ಹೊಸದಾಗಿ ಕಟ್ಟತ್ತೆ. ಸರಿ ಆಯ್ತಾ ಅಂತ ಲೇಔಟ್ ಇನ್‌ಸ್ಪೆಕ್ಟರ್‌ನಲ್ಲಿ ರೀಕಾಂಪೊಸಿಷನ್ (ಮೊದಲನೇ ಹಂತ ಮತ್ತೆ ನಡೆಯೋದು) ಎಣಿಕೆ ನೋಡಿ, ಅನಿಮೇಷನ್ ಓಡ್ತಿರುವಾಗ ಅದು ಏರ್ತಾ ಹೋಗ್ಬಾರದು. ಸ್ಪೀಡ್ ಮಾತ್ರ ರಿಲೀಸ್ ಬಿಲ್ಡ್‌ನಲ್ಲೇ ಅಳೀರಿ, ಕಂಪೋಸ್ ಡೀಬಗ್ ಬಿಲ್ಡ್‌ನಲ್ಲಿ ನಿಧಾನಾನೇ.

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ಬಟನ್ ಮೇಲಿನ "ರಾಷ್ಟ್ರ" ಪದದ ಕೆಳಗಿನ ಒತ್ತು ಕಟ್ ಆಗತ್ತೆ. ಡಿಸೈನರ್ ಕೊಟ್ಟ ಅಳತೆನೇ ಹಾಕಿದೀವಿ. (ಮೈಸೂರಿನ ಓದುಗರು)

ಉತ್ತರ: ಆ ಅಳತೆ ಇಂಗ್ಲಿಷ್ ಲೇಬಲ್ ಇಟ್ಕೊಂಡು ತೆಗೆದಿರ್ತಾರೆ ಅಷ್ಟೇ. ಒತ್ತಿನ ಕೆಳಗೆ ಇನ್ನೊಂದು ಒತ್ತು ಬರೋ ಪದಕ್ಕೆ ಆಳ ಜಾಸ್ತಿ ಬೇಕು. ಎತ್ತರ ಫಿಕ್ಸ್ ಮಾಡೋ ಬದಲು ಕನಿಷ್ಠ ಎತ್ತರ ಕೊಡಿ, ಲೈನ್‌ಹೈಟ್ ಬಿಗಿ ಮಾಡಿದ್ರೆ ಸಡಿಲ ಮಾಡಿ. ನೀವೇ ಕಸ್ಟಮ್ ಲೇಔಟ್ ಬರೆದಿದ್ರೆ ಮಗುವನ್ನ, ಅಂದ್ರೆ ಚೈಲ್ಡ್ ಎಲಿಮೆಂಟನ್ನ, ಮೊದಲು ಮೆಷರ್ ಮಾಡಿ ಬಂದ ಎತ್ತರದ ಮೇಲೆ ನಿಮ್ಮ ಲೆಕ್ಕ ಕಟ್ಟಿ. ಒಂದೇ ಲೇಔಟ್ ಪಾಸ್‌ನಲ್ಲಿ ಎರಡನೇ ಸಲ ಮೆಷರ್ ಮಾಡೋಕೆ ಹೋದ್ರೆ ಕಂಪೋಸ್ ಎಕ್ಸೆಪ್ಷನ್ ಎಸೆಯತ್ತೆ, ಮೊದಲೇ ಅಂದಾಜು ಬೇಕಿದ್ರೆ ಇಂಟ್ರಿನ್ಸಿಕ್ಸ್ (ಮೆಷರ್ ಮಾಡೋಕೆ ಮುಂಚೆ ಸಿಗೋ ಅಳತೆ) ಕೇಳಿ. ಆ್ಯಂಡ್ರಾಯ್ಡ್ 14ರಿಂದ ಅಕ್ಷರ 200% ವರೆಗೆ ದೊಡ್ಡದು ಮಾಡಬಹುದು, ಆ ಸೆಟ್ಟಿಂಗ್‌ನಲ್ಲೂ ಒಂದು ಸಲ ತೆರೆದು ನೋಡಿ.

ಪ್ರಶ್ನೆ: ಅನಿಮೇಷನ್‌ಗೆ ಲಾಟಿ (ಮೊದಲೇ ಮಾಡಿಟ್ಟ ಅನಿಮೇಷನ್ ಫೈಲ್ ಓಡಿಸೋ ಲೈಬ್ರರಿ) ಬಳಸೋದಾ, ಕ್ಯಾನ್ವಾಸ್‌ನಲ್ಲಿ ನಾವೇ ಬರೆಯೋದಾ?

ಉತ್ತರ: ಡಿಸೈನರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿಕೊಟ್ಟ ಹಬ್ಬದ ಶುಭಾಶಯ, "ಪಾವತಿ ಆಯ್ತು" ಟಿಕ್ ಮಾರ್ಕ್, ಇಂಥದ್ದಕ್ಕೆಲ್ಲ ಲಾಟಿ. ಬಳಕೆದಾರರ ಡೇಟಾ ನೋಡಿ ಆಕಾರ ಬದಲಾಗೋ ಚಾರ್ಟ್, ಬೆರಳಿಗೆ ತಕ್ಕ ಹಾಗೆ ತಿರುಗೋ ಡಯಲ್ ಇದ್ರೆ ಕ್ಯಾನ್ವಾಸ್. ಲಾಟಿ ಫೈಲ್ ಒಳಗೆ ಕನ್ನಡ ಟೆಕ್ಸ್ಟ್ ಮಾತ್ರ ಇಡಬೇಡಿ, ಬೇಕೇ ಬೇಕು ಅಂದ್ರೆ ಡಿಸೈನರ್ ಹತ್ರ ಅದನ್ನ ಶೇಪ್ ಮಾಡಿಸ್ಕೊಳ್ಳಿ.