ಒಂದು ಲೈಟಿಗೆ ಎರಡು ಸ್ಮಾರ್ಟ್ ಸ್ವಿಚ್: ಆ ನಾಲ್ಕು ರೂಲ್ ಹಾಕಬೇಡಿ

ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ಮಾರ್ಟ್ ಸ್ವಿಚ್, ಇರುವುದು ಒಂದೇ ಲೈಟ್, ಎರಡೂ ಸೇರಿ ಅದನ್ನು ನಡೆಸಬೇಕು ಅಂದರೆ ಆ್ಯಪ್‌ನಲ್ಲಿ ಯಾವ ಆಟೊಮೇಷನ್ (ಇದಾದರೆ ಅದಾಗಲಿ ಅನ್ನುವ ರೂಲ್) ಹಾಕಬೇಕು ಅಂತ ಕೇಳಿದ್ದೀರಿ. ಯಾವುದನ್ನೂ ಹಾಕಬೇಡಿ. ನಾನು ಹಾಕಿದ್ದೆ.

ನಮ್ಮಲ್ಲಿ ಮೊದಲು ಇದ್ದದ್ದು ಎರಡು ಕಡೆಯಿಂದ ಒಂದೇ ಲೈಟ್ ಹಚ್ಚಿ ಆರಿಸುವ ಮಾಮೂಲಿ ಟೂ-ವೇ ಸ್ವಿಚ್. ಅವು ಕೆಟ್ಟಿರಲೂ ಇಲ್ಲ. ಸುಮ್ನೆ ಆಸೆಗೆ ಬಿದ್ದು ಎರಡನ್ನೂ ಬಿಚ್ಚಿಸಿ ವೈಫೈ ಸ್ವಿಚ್ ಹಾಕಿಸಿದೆ. ಎಲೆಕ್ಟ್ರಿಷಿಯನ್ ಎರಡೂ ಬಾಕ್ಸ್‌ಗೆ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕೊಟ್ಟರು. ಲೈಟಿನ ವೈರ್ ಮಾತ್ರ ಕೆಳಗಿನ ಸ್ವಿಚ್‌ಗೆ. ಮೇಲಿನದರ ಔಟ್‌ಪುಟ್ ಟರ್ಮಿನಲ್ ಖಾಲಿ ಬಿಟ್ಟರು. "ಮೇಲಿಂದು ಬರೀ ಸುದ್ದಿ ಕಳಿಸೋಕೆ ಸಾರ್, ಮಿಕ್ಕಿದ್ದು ಫೋನಲ್ಲಿ ನೀವೇ ಮಾಡ್ಕೊಳ್ಳಿ" ಅಂದು ಹೊರಟರು. ಅವರ ವೈರಿಂಗ್‌ನಲ್ಲಿ ತಪ್ಪು ಹುಡುಕಿದರೂ ಸಿಗಲ್ಲ. ಕೆಲವರು ಎರಡೂ ಸ್ವಿಚ್‌ನ ಔಟ್‌ಪುಟ್ಟನ್ನು ಒಂದೇ ಲೈಟಿಗೆ ಕೊಟ್ಟುಬಿಡುತ್ತಾರೆ. ಆಗ ಎರಡೂ ಆಫ್ ಆದರೆ ಮಾತ್ರ ಲೈಟ್ ಆರುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಆಫ್ ಇರುವ ಸ್ವಿಚ್‌ನ ಔಟ್‌ಪುಟ್‌ಗೂ ಇನ್ನೊಂದರಿಂದ ಕರೆಂಟ್ ಬಂದು ನಿಂತಿರುತ್ತದೆ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ನಿಮ್ಮಲ್ಲಿ ಹಾಗೇನಾದರೂ ಇದ್ದರೆ ಮೊದಲು ಅದನ್ನು ಬಿಚ್ಚಿಸಿ, ಆಮೇಲೆ ಇದನ್ನು ಓದಿ.

ಫೋನಿನ ಕೆಲಸ ನನ್ನದಾಯಿತು. ನೀವು ಈಗ ಯೋಚಿಸುತ್ತಿರುವುದನ್ನೇ ಮಾಡಿದೆ. ಕೆಳಗಿನದು ಆನ್ ಆದರೆ ಮೇಲಿನದು ಆನ್ ಆಗಲಿ. ಕೆಳಗಿನದು ಆಫ್ ಆದರೆ ಮೇಲಿನದೂ ಆಫ್. ಇವೇ ಎರಡು, ಮೇಲಿನಿಂದ ಕೆಳಕ್ಕೂ. ಒಟ್ಟು ನಾಲ್ಕು ರೂಲ್. ಕೆಳಗೆ ಒತ್ತಿದೆ, ಹತ್ತಿತು. ಮೇಲೆ ಹೋಗಿ ಒತ್ತಿದೆ, ಆರಿತು. ಎಲ್ಲರನ್ನೂ ಕರೆದು ತೋರಿಸಿದ್ದೂ ಆಯಿತು.

ಈಗ ಸ್ವಲ್ಪ ನಿಧಾನಕ್ಕೆ ಓದಿ. ಕೆಳಗಿನ ಸ್ವಿಚ್ ಆನ್ ಮಾಡಿದಿರಿ ಅಂದುಕೊಳ್ಳಿ. ಅದು "ನಾನು ಆನ್ ಆದೆ" ಅಂತ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿರುವ ಕಂಪನಿಯ ಸರ್ವರ್‌ಗೆ, ಹೇಳುತ್ತದೆ. ಕ್ಲೌಡ್ ಮೇಲಿನದಕ್ಕೆ "ನೀನೂ ಆನ್ ಆಗು" ಅನ್ನುತ್ತದೆ. ಮೇಲಿನದು ಆನ್ ಆಗಿ, ತಾನೂ "ನಾನು ಆನ್ ಆದೆ" ಅಂತ ವರದಿ ಕಳಿಸುತ್ತದೆ. ಯಾರೋ ಹೇಳಿದ್ದಕ್ಕೆ ಆದೆ ಅಂತ ಹೇಳುವುದಿಲ್ಲ. ಅದನ್ನು ನೋಡಿದ ಕ್ಲೌಡ್ ತಿರುಗಿ ಕೆಳಗಿನದಕ್ಕೆ "ಆನ್ ಆಗು" ಅನ್ನುತ್ತದೆ. ಕೆಳಗಿನದು ಆಗಲೇ ಆನ್ ಇದೆ. ಹಾಗಾಗಿ ಸುತ್ತು ಅಲ್ಲಿಗೆ ನಿಲ್ಲುತ್ತದೆ. ನಿಧಾನಕ್ಕೆ ಒಂದೊಂದೇ ಸಲ ಒತ್ತಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುವುದು ಇದಕ್ಕೇ.

ಈಗ ಆನ್ ಮಾಡಿ ತಕ್ಷಣ ಆಫ್ ಮಾಡಿ. ಮೊದಲ ಸುದ್ದಿ ಒಂದು ಸುತ್ತು ಹಾಕಿ ಬರುವ ಮೊದಲೇ ಎರಡನೆಯದು ಹೊರಟಿರುತ್ತದೆ. ಮೇಲಿನದು ಮೊದಲು ಆನ್ ಆಗಿ, ಆನ್ ಆದೆ ಅಂತ ಹೇಳುತ್ತದೆ. ಆ ಮಾತು ಕೆಳಗೆ ತಲುಪುವ ಹೊತ್ತಿಗೆ ಕೆಳಗಿನದು ಆಫ್ ಆಗಿ ಕೂತಿದೆ. ಅದಕ್ಕೆ ಆನ್ ಆಗು ಅಂತ ಆಜ್ಞೆ ಬಂತು, ಆಯಿತು, ವರದಿ ಕಳಿಸಿತು. ಅಷ್ಟರಲ್ಲಿ ಮೇಲಿನದಕ್ಕೆ ಆಫ್ ಆಗು ಅನ್ನುವುದು ತಲುಪಿ, ಅದು ಆಫ್ ಆಗಿ ವರದಿ ಕಳಿಸಿತು. ಕೆಳಗಿನದು ಮತ್ತೆ ಆಫ್. ಹೀಗೆ ಒಂದು ಆನ್, ಒಂದು ಆಫ್, ಎರಡೂ ಒಂದರ ಹಿಂದೊಂದು ಸುತ್ತುತ್ತವೆ. ಒಂದನ್ನೊಂದು ಹಿಡಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಯಾವುದೋ ಒಂದು ಸುದ್ದಿ ದಾರಿಯಲ್ಲಿ ಕಳೆದುಹೋಗುವ ತನಕ, ಇಲ್ಲ ಇಂಟರ್ನೆಟ್ ಹೋಗುವ ತನಕ ಇದೇ ಕಥೆ.

ನಾವು ಊರಿಗೆ ಹೊರಟ ದಿನ ಕೈತುಂಬ ಬ್ಯಾಗು. ಮೊಣಕೈಯಲ್ಲಿ ಸ್ವಿಚ್ ಒತ್ತಿದೆ. ಬೆಳಕು ಬೇಕಿಲ್ಲ ಅನ್ನಿಸಿ ಮತ್ತೆ ಒತ್ತಿದೆ. ಬಾಗಿಲು ಹಾಕಿಕೊಂಡು ಹೋದೆವು. ವಾಪಸ್ ಬಂದಾಗ ಲೈಟ್ ಉರಿಯುತ್ತಿತ್ತು, ಆ್ಯಪ್‌ನಲ್ಲಿ ಆಫ್ ಅಂತಿತ್ತು. "ರಾತ್ರಿಯೆಲ್ಲ ನಿಮ್ಮ ಮೆಟ್ಟಿಲ ಲೈಟ್ ಹತ್ತಿ ಆರಿ ಮಾಡ್ತಿತ್ತಲ್ಲ, ಏನದು?" ಅಂತ ಪಕ್ಕದ ಮನೆಯವರು ಕೇಳಿದರು. ಕೆಳಗಿನ ಸ್ವಿಚ್ ಒತ್ತಿದರೆ ಅದರ ಮೇಲಿನ ಪುಟ್ಟ ದೀಪದ ಬಣ್ಣ ಬದಲಾಗುತ್ತಿತ್ತು, ಆದರೆ ಒಳಗಿಂದ ಬರಬೇಕಾದ ಟಕ್ ಸದ್ದು ಇಲ್ಲ. ಒಳಗೆ ಕರೆಂಟನ್ನು ಸೇರಿಸಿ ಬಿಡಿಸುವ ಭಾಗ, ರಿಲೇ, ಅದರ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು. ಎಲ್ಇಡಿ ಲೈಟ್ ಉರಿಯುವಾಗ ಎಳೆಯುವ ಕರೆಂಟ್ ಕಡಿಮೆ, ನಿಜ. ಆದರೆ ಆನ್ ಆಗುವ ಆ ಕ್ಷಣಕ್ಕೆ ಅದರ ಡ್ರೈವರ್‌ನ (ಎಲ್ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಸರ್ಕ್ಯೂಟ್) ಕೆಪಾಸಿಟರ್ ತುಂಬಬೇಕು, ಆಗ ಕರೆಂಟ್ ದಿಢೀರನೆ ಜಾಸ್ತಿ ಹರಿಯುತ್ತದೆ. ಪ್ರತಿ ಸಲ ಕಾಂಟ್ಯಾಕ್ಟ್‌ನಲ್ಲಿ ಒಂದು ಸಣ್ಣ ಕಿಡಿ. ರಾತ್ರಿಯಿಡೀ ಕಿಡಿ ಹಾರಿದರೆ ಎರಡು ಲೋಹದ ತುದಿ ಬೆಸೆದುಕೊಳ್ಳದೆ ಇನ್ನೇನಾಗುತ್ತೆ?

ರೂಲ್ ನಡುವೆ ಎರಡು ಸೆಕೆಂಡು ಡಿಲೇ ಇಡಿ ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಡಿಲೇ ಇಟ್ಟರೆ ಸುದ್ದಿ ಸುತ್ತುವುದು ನಿಧಾನ ಆಗುತ್ತೆ, ಅಷ್ಟೆ. ಅದರ ಜೊತೆಗೆ, ಎರಡು ಸಲ ಒತ್ತಿ ಸಿಕ್ಕಿಬೀಳೋಕೆ ಜಾಸ್ತಿ ಸಮಯವೂ ಸಿಗುತ್ತೆ. "ಮೇಲಿನದು ಆಫ್ ಇದ್ದರೆ ಮಾತ್ರ ಆನ್ ಮಾಡು" ಅಂತ ಕಂಡೀಷನ್ ಹಾಕಿದರೂ ಉಪಯೋಗ ಇಲ್ಲ, ಏಕೆಂದರೆ ಆ ಹೊತ್ತಿಗೆ ಅದು ನಿಜವಾಗಿಯೂ ಆಫ್ ಇರುತ್ತದೆ.

ನಿಜವಾದ ತೊಂದರೆ ಏನು ಅಂದರೆ, ನನ್ನ ರೂಲ್‌ಗಳು "ಸ್ವಿಚ್ ಆನ್ ಆಯಿತು" ಅನ್ನುವುದನ್ನು ನೋಡುತ್ತಿದ್ದವು, "ಯಾರೋ ಒತ್ತಿದರು" ಅನ್ನುವುದನ್ನಲ್ಲ. ಬೆರಳು ಒತ್ತಿದ್ದಕ್ಕೂ ಕ್ಲೌಡ್ ಒತ್ತಿಸಿದ್ದಕ್ಕೂ ಅವಕ್ಕೆ ವ್ಯತ್ಯಾಸ ಗೊತ್ತಿಲ್ಲ. ಇರುವ ಲೈಟ್ ಒಂದು ಅಂದಮೇಲೆ ಆನ್ ಇದೆಯಾ ಆಫ್ ಇದೆಯಾ ಅನ್ನುವ ಲೆಕ್ಕವೂ ಒಂದೇ ಕಡೆ ಇರಬೇಕು, ಅಲ್ವಾ? ನೀವು ಎರಡು ಕಡೆ ಇಟ್ಟು, ಎರಡನ್ನೂ ಹೊಂದಿಸೋದು ಹೇಗೆ ಅಂತ ಕೇಳುತ್ತಿದ್ದೀರಿ. ಎರಡನೆಯ ಲೆಕ್ಕವೇ ಬೇಡ. ಮೇಲಿನದಕ್ಕೆ ರಿಲೇ ಇರುವ ಸ್ವಿಚ್ ಯಾಕೆ? ಬರೀ ಒಂದು ಗುಂಡಿ ಸಾಕು.

ನಾನು ಕೊನೆಗೆ ಮಾಡಿಸಿದ್ದು ಹೀಗೆ. ಬಿಚ್ಚಿಟ್ಟಿದ್ದ ಹಳೆಯ ಟೂ-ವೇ ಸ್ವಿಚ್‌ಗಳನ್ನೇ ಮತ್ತೆ ಹಾಕಿಸಿದೆ. ಅವೆರಡರ ನಡುವಿನ ಎರಡು ವೈರ್ ಪೈಪಿನಲ್ಲಿ ಹಾಗೇ ಇದ್ದವು. ಲೈಟಿನ ವೈರ್ ಇರುವ ಕೆಳಗಿನ ಬಾಕ್ಸ್‌ನಲ್ಲಿ, ಸ್ವಿಚ್‌ನ ಹಿಂದೆ ಒಂದು ಸಣ್ಣ ಸ್ಮಾರ್ಟ್ ರಿಲೇ ಕೂತಿತು. ಮೇಲಿನ ಸ್ವಿಚ್‌ನ ಕಾಮನ್‌ಗೆ (ಆ ಎರಡು ವೈರ್ ಬಿಟ್ಟು ಉಳಿದ ಟರ್ಮಿನಲ್) ಫೇಸ್. ಕೆಳಗಿನ ಸ್ವಿಚ್‌ನ ಕಾಮನ್ ಲೈಟಿಗೆ ಹೋಗುವ ಬದಲು ರಿಲೇಯ ಸ್ವಿಚ್ ಇನ್‌ಪುಟ್‌ಗೆ. ರಿಲೇಯಿಂದ ಲೈಟಿಗೆ. ಎಲ್ಲಿ ಒತ್ತಿದರೂ ಇನ್‌ಪುಟ್ ಬದಲಾಗುತ್ತದೆ, ರಿಲೇ ಮಗುಚುತ್ತದೆ. ಇಂಟರ್ನೆಟ್ ಹೋದರೂ ಎರಡೂ ಸ್ವಿಚ್ ಕೆಲಸ ಮಾಡುತ್ತವೆ, ಇಂಟರ್ನೆಟ್ ಇದ್ದಾಗ ಫೋನಿಂದಲೂ ಆಗುತ್ತದೆ. ಸೆಟ್ಟಿಂಗ್‌ನಲ್ಲಿ ಇದಕ್ಕೆ ಎಡ್ಜ್ ಮೋಡ್ ಅಂತಲೋ ಹಾಗೇ ಏನೋ ಹೆಸರಿರುತ್ತದೆ, ಅದನ್ನು ಆಯ್ಕೆ ಮಾಡಿ. ಇನ್‌ಪುಟ್ ಇದ್ದಂತೆ ಲೈಟ್ ಇರುವ ಮೋಡ್ ಬೇಡ. ಅದರಲ್ಲಿ ಫೋನಿಂದ ಆರಿಸಿದ ಮೇಲೆ ಗೋಡೆಯಲ್ಲಿ ಎರಡು ಸಲ ಒತ್ತಬೇಕಾಗುತ್ತೆ, ಮನೆಯವರ ಬೈಗುಳ ಖಾತ್ರಿ. ಕೆಲವು ರಿಲೇಗಳ ಇನ್‌ಪುಟ್‌ಗೆ ಫೇಸ್ ಕೊಡುವಂತಿಲ್ಲ, ಅದನ್ನು ಕೈಪಿಡಿಯಲ್ಲಿ ನೋಡಿಯೇ ಕೊಡಿಸಿ.

ನ್ಯೂಟ್ರಲ್ ಬೇಕಿಲ್ಲದ ಸ್ವಿಚ್‌ಗಳೂ ಇವೆ. ಅವು ಆಫ್ ಇದ್ದಾಗಲೂ ಲೈಟಿನ ಮೂಲಕವೇ ಸ್ವಲ್ಪ ಕರೆಂಟ್ ಎಳೆದು ಬದುಕುತ್ತವೆ. ಸಣ್ಣ ಎಲ್ಇಡಿ ಆದರೆ ಕತ್ತಲಲ್ಲಿ ಮಂದವಾಗಿ ಉರಿಯುತ್ತಲೋ ಮಿಟುಕುತ್ತಲೋ ಇರುತ್ತದೆ, ಆಗ ಲೈಟಿನ ಎರಡೂ ವೈರ್ ನಡುವೆ, ಆ ಕರೆಂಟ್ ಹರಿದುಹೋಗಲು ಬೈಪಾಸ್ ಕೆಪಾಸಿಟರ್ ಹಾಕಬೇಕು. ಮೆಟ್ಟಿಲಿಗೆ ನಾನಂತೂ ಅದನ್ನು ಹಾಕಲ್ಲ. ಸ್ಮಾರ್ಟ್ ಬಲ್ಬ್ ಕೂಡ ಬೇಡ, ಯಾರಾದರೂ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬ್ ಜೊತೆ ಅದರ ವೈಫೈಯೂ ಸತ್ತಂತೆ.

ದುಡ್ಡು ಕೊಟ್ಟು ತಂದಾಗಿದೆ, ಎರಡೂ ಸ್ಮಾರ್ಟ್ ಸ್ವಿಚ್ ಗೋಡೆಯಲ್ಲೇ ಇರಲಿ ಅಂದರೆ, ವೈಫೈ ಬದಲು ಬೇರೆ ಬಗೆಯ ವೈರ್‌ಲೆಸ್‌ನಲ್ಲಿ ನಡೆಯುವ ಸ್ವಿಚ್‌ಗಳಲ್ಲಿ, ಜಿಗ್ಬೀ ಆದರೆ ಬೈಂಡಿಂಗ್, ಝಡ್-ವೇವ್ ಆದರೆ ಅಸೋಸಿಯೇಷನ್ ಅಂತ ಇದೆ. ಸ್ವಿಚ್‌ಗಳು ಕ್ಲೌಡ್ ದಾಟಿ ಹೋಗದೆ ನೇರ ಮಾತಾಡಿಕೊಳ್ಳುತ್ತವೆ. ಆಗಲೂ ಮೇಲಿನದರಿಂದ ಕೆಳಕ್ಕೆ ಮಾತ್ರ ಕೊಡಿ, ಮೇಲಿನದರಲ್ಲಿ ರಿಲೇಯನ್ನು ಗುಂಡಿಯಿಂದ ಬೇರೆ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಹಾಕಿ. ವೈಫೈ ಆದರೆ ಆ್ಯಪ್‌ನಲ್ಲಿ ಎರಡು ಸ್ವಿಚ್ ಜೋಡಿಸುವ ಮಲ್ಟಿ ಕಂಟ್ರೋಲ್ ಅನ್ನುವ ಆಯ್ಕೆ ಇದೆಯಾ ಹುಡುಕಿ. ಇದ್ದರೆ ಕೈಯಲ್ಲಿ ಬರೆದ ರೂಲ್ ಎಲ್ಲ ಅಳಿಸಿಯೇ ಅದನ್ನು ಹಾಕಬೇಕು, ಮತ್ತು ಹಾಕಿದ ಮೇಲೆ ಪಟಪಟನೆ ನಾಲ್ಕಾರು ಸಲ ಒತ್ತಿ ನೋಡಬೇಕು. ಒಂದೊಂದೇ ಸಲ ಒತ್ತಿ ನೋಡಿದ್ದು ಪರೀಕ್ಷೆಯೇ ಅಲ್ಲ.

ನಿಮ್ಮ ಲೈಟಿನ ವೈರ್ ಕೆಳಗಿನ ಬಾಕ್ಸ್‌ನಲ್ಲಿದೆಯಾ ಮೇಲಿನದರಲ್ಲಾ? ಅದೇ ಬಾಕ್ಸ್‌ನಲ್ಲಿ ಸದಾ ಕರೆಂಟ್ ಇರುವ ಫೇಸ್, ಅದೇ ಲೈನಿನ ನ್ಯೂಟ್ರಲ್ ಎರಡೂ ಇವೆಯಾ? ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ ಕೈಲಿ ತೆರೆಸಿ ನೋಡಿ ಬರೆಯಿರಿ. ಅದು ಗೊತ್ತಾದರೆ ರಿಲೇ ಎಲ್ಲಿ ಕೂರಬೇಕು ಅಂತ ಹೇಳಬಹುದು.