ಪ್ರಕಟವಾದ ಲೇಖನದಲ್ಲಿ ನನ್ನದೇ ತಪ್ಪು ಸಿಕ್ಕಿದೆ, ಗೈಡ್ ಸುಮ್ಮನಿರು ಎನ್ನುತ್ತಾರೆ. ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಕಳೆದ ವರ್ಷ ಜರ್ನಲ್‌ನಲ್ಲಿ ಬಂದ ಲೇಖನದ ಅಂಕಿಅಂಶಗಳನ್ನು ಮಹಾಪ್ರಬಂಧಕ್ಕಾಗಿ ಮತ್ತೆ ಲೆಕ್ಕ ಹಾಕುವಾಗ, ಎಕ್ಸೆಲ್ ಹಾಳೆಯಲ್ಲಿ ಎರಡು ಕಾಲಂಗಳು ಅದಲುಬದಲಾಗಿದ್ದದ್ದು ನಿಮ್ಮ ಕಣ್ಣಿಗೆ ಬಿತ್ತು. ಸರಿಪಡಿಸಿದರೆ ಲೇಖನದ ಮುಖ್ಯ ತೀರ್ಮಾನವೇ ನಿಲ್ಲುವುದಿಲ್ಲ. ಗೈಡ್‌ಗೆ ಹೇಳಿದರೆ ‘ಅದನ್ನೆಲ್ಲ ಯಾರು ನೋಡುತ್ತಾರೆ, ಮೊದಲು ಡಿಗ್ರಿ ಮುಗಿಸು’ ಎಂದರು. ಲೇಖನವನ್ನು ಹಿಂಪಡೆದರೆ ಮೋಸಗಾರನೆಂಬ ಹೆಸರು ಬರುತ್ತದೆಯೇ ಎಂಬುದು ನಿಮ್ಮ ಭಯ.

ಜರ್ನಲ್‌ನ ಸಂಪಾದಕರಿಗೆ ಬರೆಯಿರಿ. ಇದೇ ನನ್ನ ಉತ್ತರ. ಇಷ್ಟು ಖಚಿತವಾಗಿ ಏಕೆ ಹೇಳುತ್ತೇನೆಂದರೆ, ನಿಮ್ಮ ಜಾಗದಲ್ಲಿ ನಿಂತಿದ್ದಾಗ ನಾನು ಬರೆಯಲಿಲ್ಲ.

ನಾನು ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡಿದವಳು. ಮಣ್ಣನ್ನು ನೀರಿನಲ್ಲಿ ಕಲಕಿ, ಹತ್ತರಲ್ಲಿ ಒಂದು ಪಾಲಿನಂತೆ ಹಂತ ಹಂತವಾಗಿ ತೆಳುವಾಗಿಸಿ, ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾ ಗುಂಪುಗಳನ್ನು ಎಣಿಸಿ, ಎಷ್ಟು ಹಂತ ತೆಳುವಾಗಿಸಿದ್ದೆವೋ ಅಷ್ಟು ಸಲ ಹತ್ತರಿಂದ ಗುಣಿಸುವುದು ನಮ್ಮ ನಿತ್ಯದ ಕೆಲಸ. ನನ್ನ ಮೊದಲ ಲೇಖನದಲ್ಲಿ ಒಂದು ಗೊಬ್ಬರ ಹಾಕಿದ ಮಣ್ಣಿನ ಮಾದರಿಗಳಿಗೆ ಮಾತ್ರ ಒಂದು ಹಂತವನ್ನು ಹೆಚ್ಚು ಲೆಕ್ಕ ಹಿಡಿದಿದ್ದೆ. ಹಾಗಾಗಿ ಆ ಗೊಬ್ಬರದಿಂದ ಬ್ಯಾಕ್ಟೀರಿಯಾ ಹತ್ತು ಪಟ್ಟು ಹೆಚ್ಚಿದಂತೆ ಕಂಡಿತು. ಅದೇ ನಮ್ಮ ಲೇಖನದ ಹೆಮ್ಮೆಯ ಫಲಿತಾಂಶವಾಗಿತ್ತು. ತಪ್ಪು ಗೊತ್ತಾದದ್ದು ಲೇಖನ ಅಚ್ಚಾದ ಐದು ತಿಂಗಳ ಮೇಲೆ. ನನ್ನ ಗೈಡ್ ಕೂಡ ಹೆಚ್ಚುಕಡಿಮೆ ನಿಮ್ಮ ಗೈಡ್ ಹೇಳಿದ್ದನ್ನೇ ಹೇಳಿದರು. ನಾನು ಒಪ್ಪಿಕೊಂಡೆ, ಏಕೆಂದರೆ ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ಎರಡು ವರ್ಷ ಕಳೆದ ಮೇಲೆ ಬೇರೊಂದು ರಾಜ್ಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂತು. ನನ್ನ ಪ್ರಯೋಗವನ್ನು ಎರಡು ಮುಂಗಾರಿನಲ್ಲಿ ಮಾಡಿ ನೋಡಿದ್ದಾಳೆ, ಎರಡು ಸಲವೂ ಆ ಹತ್ತು ಪಟ್ಟು ಬರಲಿಲ್ಲ. ‘ನನಗೆ ಪಿಪೆಟ್ ಹಿಡಿಯಲು ಬರುವುದಿಲ್ಲ ಎಂದು ನಮ್ಮ ಸರ್ ತೀರ್ಮಾನಿಸಿದ್ದಾರೆ, ನಾನು ಎಲ್ಲಿ ತಪ್ಪುತ್ತಿದ್ದೇನೆ ದಯವಿಟ್ಟು ತಿಳಿಸಿ’ ಎಂದು ಬಹಳ ವಿನಯದಿಂದ ಕೇಳಿದ್ದಳು. ಅವಳು ಎಲ್ಲಿಯೂ ತಪ್ಪಿರಲಿಲ್ಲ. ಅಂದು ಸಂಜೆಯೇ ಅವಳಿಗೆ ನಿಜ ಬರೆದೆ, ಆ ವಾರ ಸಂಪಾದಕರಿಗೂ ಬರೆದೆ. ಅರ್ಧ ಪುಟದ ತಿದ್ದುಪಡಿ ಪ್ರಕಟವಾಯಿತು. ನನ್ನ ಡಿಗ್ರಿಗೆ, ಕೆಲಸಕ್ಕೆ ಏನೂ ಆಗಲಿಲ್ಲ. ಆ ಹುಡುಗಿಯ ಎರಡು ಮುಂಗಾರನ್ನು ಮಾತ್ರ ಯಾರಿಂದಲೂ ಹಿಂದಿರುಗಿಸಲು ಆಗಲಿಲ್ಲ.

ಆದ್ದರಿಂದ ‘ಯಾರು ನೋಡುತ್ತಾರೆ’ ಎಂಬ ಮಾತನ್ನು ನಂಬಬೇಡಿ. ನೋಡುವವರು ನಿಮ್ಮಂಥ ವಿದ್ಯಾರ್ಥಿಗಳೇ. ಲೇಖನಕ್ಕೂ ತಮ್ಮ ಫಲಿತಾಂಶಕ್ಕೂ ತಾಳೆಯಾಗದಿದ್ದರೆ ಅವರು ಮೊದಲು ಅನುಮಾನಿಸುವುದು ತಮ್ಮ ಕೈಯನ್ನೇ.

ನಿಮ್ಮ ತಪ್ಪಿಗೆ ತೀರಾ ಹತ್ತಿರದ ಪ್ರಕರಣವೊಂದು ವಿಜ್ಞಾನ ಲೋಕದಲ್ಲಿ ಪ್ರಸಿದ್ಧವಾಗಿದೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿದ್ದ ಜೆಫ್ರಿ ಚಾಂಗ್ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್‌ಗಳ ರಚನೆ ಬಿಡಿಸುತ್ತಿದ್ದರು. ಅವರ ಪ್ರಯೋಗಾಲಯ ಬಳಸುತ್ತಿದ್ದ ಒಂದು ಕಂಪ್ಯೂಟರ್ ಪ್ರೋಗ್ರಾಂ ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ರಚನೆಗಳೇ ತಪ್ಪಾಗಿ ಬಂದವು. 2001ರಿಂದ ಪ್ರಕಟವಾಗಿದ್ದ ಐದು ಲೇಖನಗಳನ್ನು ಹಿಂಪಡೆಯಬೇಕಾಯಿತು, ಅವುಗಳಲ್ಲಿ ಮೂರು ‘ಸೈನ್ಸ್’ ಪತ್ರಿಕೆಯವು. ಬೇರೆಯವರು ಬಿಡಿಸಿದ ಅಂಥದೇ ಪ್ರೋಟೀನಿನ ರಚನೆ 2006ರಲ್ಲಿ ಬೆಳಕಿಗೆ ಬಂದಾಗಲೇ ತಪ್ಪು ತಿಳಿದದ್ದು. ನಡುವಿನ ವರ್ಷಗಳಲ್ಲಿ ಚಾಂಗ್ ಅವರ ರಚನೆಗೆ ಹೊಂದದ ಫಲಿತಾಂಶ ಪಡೆದವರು ಅದನ್ನು ಪ್ರಕಟಿಸಲು ಒದ್ದಾಡಿದ್ದರು. ಚಾಂಗ್ ವಿಜ್ಞಾನ ಬಿಟ್ಟು ಹೋಗಲಿಲ್ಲ, ಅದು ಮೋಸವಲ್ಲ, ಪ್ರಾಮಾಣಿಕ ತಪ್ಪು ಎಂದೇ ಪರಿಗಣಿತವಾಯಿತು.

ನನಗೆ ಇನ್ನೂ ಹೆಚ್ಚು ಧೈರ್ಯ ಕೊಡುವುದು ಭತ್ತದ ಕಥೆ. ಪಮೇಲಾ ರೊನಾಲ್ಡ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿ. ಭತ್ತದ ದುಂಡಾಣು ಅಂಗಮಾರಿ ರೋಗವನ್ನು ತಡೆಯುವ ವಂಶವಾಹಿಯೊಂದರ ಮೇಲೆ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿತ್ತು. ಆ ವಂಶವಾಹಿ ರೋಗಾಣುವಿನ ಯಾವ ಅಂಶವನ್ನು ಗುರುತು ಹಿಡಿಯುತ್ತದೆ ಎಂದು 2009ರಲ್ಲಿ ‘ಸೈನ್ಸ್’ನಲ್ಲಿ ಬರೆದರು. ಆಮೇಲೆ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಅದೇ ಪ್ರಯೋಗ ಮಾಡಿದರೆ ಅದು ಕೂಡಿಬರಲಿಲ್ಲ. ಅಲ್ಲಿಯೂ ಅನುಮಾನ ಹೊಸಬರ ಕೈಯ ಮೇಲೆಯೇ ಉಳಿದುಬಿಡಬಹುದಿತ್ತು. ಉಳಿಯಲಿಲ್ಲ. ಶೇಖರಿಸಿಟ್ಟಿದ್ದ ಬ್ಯಾಕ್ಟೀರಿಯಾ ತಳಿಗಳನ್ನೇ ಪರೀಕ್ಷಿಸಿದರು, ಕೆಲವಕ್ಕೆ ತಪ್ಪು ಹೆಸರಿನ ಚೀಟಿ ಅಂಟಿತ್ತು. 2013ರಲ್ಲಿ ಎರಡು ಲೇಖನಗಳನ್ನು ಅವರೇ ಹಿಂಪಡೆದು, ಏನಾಯಿತೆಂದು ಬಹಿರಂಗವಾಗಿ ಬರೆದರು. 2015ರಲ್ಲಿ ಅದೇ ತಂಡ ನಿಜವಾದ ಅಂಶವನ್ನು ಪತ್ತೆ ಮಾಡಿ ಪ್ರಕಟಿಸಿತು. ಹಳೆಯ ಲೇಖನವನ್ನು ಅಪ್ಪಿಕೊಂಡು ಕೂತಿದ್ದರೆ ಅದು ಸಿಗುತ್ತಿತ್ತೇ?

2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸೆಸ್ ಅರ್ನಾಲ್ಡ್ ಕೂಡ 2019ರ ತಮ್ಮ ಲೇಖನವೊಂದನ್ನು 2020ರ ಜನವರಿಯಲ್ಲಿ ಹಿಂಪಡೆದು, ತಾನು ಸರಿಯಾಗಿ ನೋಡಲಿಲ್ಲ ಎಂದು ಕ್ಷಮೆ ಕೇಳಿದರು.

ಹಾಗೆಂದು ನಿಮ್ಮ ಭಯ ಆಧಾರವಿಲ್ಲದ್ದೆಂದು ಹೇಳಲಾರೆ. ಅದುವರೆಗೆ ಹಿಂಪಡೆದಿದ್ದ 2,047 ಜೀವವೈದ್ಯಕೀಯ ಲೇಖನಗಳನ್ನು 2012ರ ಅಧ್ಯಯನವೊಂದರಲ್ಲಿ ಪರಿಶೀಲಿಸಿದಾಗ ಶೇ 67.4ರಷ್ಟಕ್ಕೆ ದುರ್ನಡತೆ ಕಾರಣ, ಶೇ 21.3ರಷ್ಟಕ್ಕೆ ಮಾತ್ರ ಪ್ರಾಮಾಣಿಕ ತಪ್ಪು ಕಾರಣ ಎಂದು ಕಂಡುಬಂತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ (ಎನ್‌ಸಿಬಿಎಸ್) 2020ರಲ್ಲಿ ಪ್ರಕಟವಾದ ಲೇಖನವೊಂದನ್ನು ಚಿತ್ರಗಳನ್ನು ತಿರುಚಿದ್ದಕ್ಕಾಗಿ ಮರುವರ್ಷವೇ ಹಿಂಪಡೆಯಬೇಕಾಯಿತು. ಜನ ಮೋಸ, ಪ್ರಾಮಾಣಿಕ ತಪ್ಪು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಇದರಿಂದಲೇ. ಬೇರೆಯವರು ಹಿಡಿಯುವ ಮೊದಲು ನೀವೇ ಹೇಳಿದರೆ ಆ ತಕ್ಕಡಿಯಿಂದ ಇಳಿಯಬಹುದು. ಒಂದು ಲೇಖನ ಹಿಂಪಡೆದರೆ ಆ ಲೇಖಕರ ಹಿಂದಿನ ಕೆಲಸವನ್ನು ಇತರರು ಉಲ್ಲೇಖಿಸುವುದು ಕಡಿಮೆಯಾಗುತ್ತದೆ, ಆದರೆ ತಪ್ಪನ್ನು ಲೇಖಕರೇ ವರದಿ ಮಾಡಿದ್ದರೆ ಆ ನಷ್ಟ ಕಾಣುವುದಿಲ್ಲ ಎಂದು 2013ರ ಅಧ್ಯಯನವೊಂದು ತೋರಿಸಿದೆ.

ನಿಯಮದ ಮಾತಿಗೆ ಬಂದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಕೃತಿಚೌರ್ಯದ ಬಗ್ಗೆ ಇದೆ. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಮಹಾಪ್ರಬಂಧದಲ್ಲಿ ಶೇ 60 ದಾಟಿದರೆ ನೋಂದಣಿಯೇ ರದ್ದು. ನಿಮ್ಮದು ಇದರ ಅಡಿಯಲ್ಲಿ ಬರುವುದಿಲ್ಲ. ನಮ್ಮ ವಿಭಾಗಗಳಲ್ಲಿ ಸಂಶೋಧನಾ ನೀತಿ ಎಂದರೆ ಆ ಹೋಲಿಕೆಯ ಶೇಕಡಾವಾರು ಮಾತ್ರ ಎಂಬಂತಾಗಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಶೇ 4 ಹೋಲಿಕೆಯ ಲೇಖನದಲ್ಲಿ ಎಲ್ಲ ಅಂಕಿಗಳೂ ತಪ್ಪಾಗಿರಬಹುದು. ಇನ್ನೊಂದು ಸಂಗತಿ: ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಉಳಿಸಿಕೊಂಡಿದೆಯೇ ಎಂದು ಪಿಎಚ್‌.ಡಿ. ವಿಭಾಗದಲ್ಲಿ ವಿಚಾರಿಸಿ. ಇಲ್ಲವಾದರೆ ಲೇಖನ ಹೋದ ಮಾತ್ರಕ್ಕೆ ಡಿಗ್ರಿ ನಿಲ್ಲುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಮೂಲ ದತ್ತಾಂಶ, ನೋಟ್‌ಬುಕ್‌ನ ಪುಟಗಳು, ಹಳೆಯ ಮತ್ತು ಸರಿಪಡಿಸಿದ ಹಾಳೆ ಎಲ್ಲದರ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಲೆಕ್ಕವನ್ನು ಸ್ನೇಹಿತರೊಬ್ಬರಿಂದ ಮೊದಲಿನಿಂದ ಮಾಡಿಸಿ. ಬಳಿಕ ಸಂಪಾದಕರಿಗೆ ಬರೆಯುವ ಪತ್ರದ ಕರಡನ್ನು ‘ನಾವು’ ಎಂದೇ ಬರೆದು ಗೈಡ್ ಮುಂದೆ ಇಡಿ. ಅವರನ್ನು ಕೆಟ್ಟವರೆಂದು ಮೊದಲೇ ನಿರ್ಧರಿಸಬೇಡಿ. ಅವರ ತಲೆಯ ಮೇಲೆ ಬಡ್ತಿಯ ಅಂಕಗಳು ತೂಗುತ್ತಿರುತ್ತವೆ, ಮತ್ತು ಬಾಯಲ್ಲಿ ‘ಆಗಲ್ಲ’ ಎನ್ನುವವರು ಸಿದ್ಧವಾದ ಪತ್ರ ಕಂಡಾಗ ಎಷ್ಟೋ ಸಲ ಸಹಿ ಹಾಕುತ್ತಾರೆ. ಒಪ್ಪದಿದ್ದರೆ ಎಲ್ಲ ಸಹಲೇಖಕರಿಗೂ ಇಮೇಲ್ ಕಳುಹಿಸಿ, ಎರಡು ವಾರ ಕಾದು, ಲೇಖಕರಲ್ಲಿ ಒಬ್ಬರಾಗಿ ನೀವೇ ಸಂಪಾದಕರಿಗೆ ಬರೆಯಿರಿ. ತಿದ್ದುಪಡಿ ಸಾಕೇ, ಪೂರ್ತಿ ಹಿಂಪಡೆಯಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಮುಖ್ಯ ತೀರ್ಮಾನವೇ ಬಿದ್ದಿದ್ದರೆ ಸಾಮಾನ್ಯವಾಗಿ ಹಿಂಪಡೆಯುವುದೇ ಆಗುತ್ತದೆ. ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿ ‘ಕೋಪ್’ ಹೇಳುವಂತೆ, ಲೇಖನ ಹಿಂಪಡೆದ ಬಗ್ಗೆ ಜರ್ನಲ್ ಹೊರಡಿಸುವ ಪ್ರಕಟಣೆಯಲ್ಲಿ ಕಾರಣ ಸ್ಪಷ್ಟವಾಗಿರಬೇಕು. ‘ಲೇಖಕರೇ ಗುರುತಿಸಿದ ಪ್ರಾಮಾಣಿಕ ತಪ್ಪು’ ಎಂದು ನಮೂದಿಸುವಂತೆ ಕೇಳಿಕೊಳ್ಳಿ.

ಪತ್ರದಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂಬಂಥ ಮಾತಿನ ಹಿಂದೆ ಅಡಗಬೇಡಿ. ಯಾವ ಕೋಷ್ಟಕ, ಯಾವ ಎರಡು ಕಾಲಂ, ಸರಿಯಾದ ಅಂಕಿ ಯಾವುದು ಎಂದು ನೇರವಾಗಿ ಬರೆಯಿರಿ. ನನ್ನ ತಿದ್ದುಪಡಿಯಲ್ಲಿ ತಪ್ಪನ್ನು ಹೇಳುವುದು ಒಂದೇ ಒಂದು ವಾಕ್ಯ. ಅದನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು.