ಆಪ್ತಸಲಹೆ ಪ್ರಕರಣ: ಸೋಮವಾರ, ಗುರುವಾರದ ರಾತ್ರಿಗಳು

(ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

"ನಮ್ಮ ಅವ್ವಗ ತಲಿ ಸರಿ ಇಲ್ಲರೀ ಮೇಡಂ. ರಾತ್ರಿ ಹನ್ನೊಂದಕ್ಕ ಎದ್ದು ಬಾಗಲಾ ತಗೀತಾಳ. ಅಪ್ಪನ ಗಾಡಿ ಸಪ್ಪಳ ಕೇಳಸ್ತು ಅಂತಾಳ."

ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಬಂದಿದ್ದ ಮಗ ಹೇಳಿದ ಮೊದಲ ಮಾತು ಇದು. ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ದನಿ ತಗ್ಗಿಸಿ ಹೇಳಿದರು. ತಂದೆ ಶ್ರಾವಣದಲ್ಲಿ ತೀರಿಕೊಂಡಿದ್ದರು. ಇವರು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ತಕ್ಕಮಟ್ಟಿಗೆ ಇದ್ದ ತಾಯಿಗೆ ಈಗ ಊಟ ಸೇರುತ್ತಿಲ್ಲ, ತಲೆಸುತ್ತು, ನಿದ್ದೆಯಿಲ್ಲ. ಯಾರೋ ಗಾಳಿ ಸೋಕಿದೆ ಅಂದಿದ್ದರಂತೆ. ತಾಯಿತ ಕಟ್ಟಿಸಿದ್ದೂ ಆಗಿತ್ತು.

ಅವ್ವನನ್ನು (ಇಲ್ಲಿ ಹಾಗೇ ಕರೆಯುತ್ತೇನೆ) ಒಬ್ಬರನ್ನೇ ಒಳಗೆ ಕರೆದೆ. ಯಜಮಾನರ ಬಗ್ಗೆ ಹೇಳಿ ಅಂದೆ. ಅವರು ಒಮ್ಮೆ ಬಾಗಿಲ ಕಡೆ ನೋಡಿದರು. "ಹೇಳಬಹುದೇನ್ರೀ? ಮನ್ಯಾಗ ಅವರ ಹೆಸರು ತಗದ್ರ ಎಲ್ಲಾರೂ ಸುಮ್ಮನಾಗಿಬಿಡ್ತಾರ."

ಆಮೇಲೆ ನಾನು ಹೆಚ್ಚು ಮಾತಾಡುವ ಪ್ರಸಂಗವೇ ಬರಲಿಲ್ಲ. ಯಜಮಾನರು ಮೆಣಸಿನಕಾಯಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರು. ಕೊನೆಯ ವರ್ಷದವರೆಗೂ ಕೆಲಸಕ್ಕೆ ಹೋದವರು. ಅಂಗಿಯ ತುಂಬ ಖಾರದ ಧೂಳು. ಅದನ್ನು ಒಗೆದು ಒಗೆದು ಇವರ ಕೈ ಉರಿಯುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರಲ್ಲ? "ಹಂಗಂದಾವ್ರು ನಮ್ಮ ಮನೀ ಅಂಗಿ ಒಗದಿಲ್ಲ ಬಿಡ್ರಿ" ಎಂದು ನಕ್ಕೇಬಿಟ್ಟರು. ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಲ್ಯಕ್ಕೆ ಉಪ್ಪು ಜಾಸ್ತಿಯಾದರೆ ತಾಟು ಸರಿಸಿ ಎದ್ದುಬಿಡುವುದು, ಅರ್ಧ ತಾಸಿಗೆ ತಾನೇ ಬಂದು "ಹಾಕು" ಅನ್ನುವುದು. ಮೊಮ್ಮಗಳಿಗೆ ಮಾತ್ರ ಒಂದು ದಿನ ಗದರಿದ್ದಿಲ್ಲ. ಸಂಜೆ ಅವಳಿಗೆ ಗಿರ್ಮಿಟ್ಟಿನ ಪೊಟ್ಟಣ ಬರಲೇಬೇಕು.

ಬಾಗಿಲು ತೆಗೆಯುವುದು ಯಾವ ಯಾವ ರಾತ್ರಿ ಎಂದು ಕೇಳಿದೆ. ಸೋಮವಾರ, ಗುರುವಾರ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅವು ಮೆಣಸಿನಕಾಯಿ ಪೇಟೆಯ ದಿನ. ಟೆಂಡರ್ ಆಗಿ, ತೂಕ ಆಗಿ, ರೈತರ ಪಟ್ಟಿ (ಲೆಕ್ಕದ ಚೀಟಿ) ಬರೆದು ಮುಗಿಸಿ ಇವರ ಯಜಮಾನರು ಮನೆ ಸೇರುವಾಗ ರಾತ್ರಿ ಹನ್ನೊಂದು. ಇಷ್ಟು ವರ್ಷ ಆ ಹೊತ್ತಿಗೆ ಎದ್ದು ಬಾಗಿಲು ತೆಗೆದವರು ಈ ಅವ್ವ. ಯಜಮಾನರು ಹೋದಾಗ ಪೇಟೆಗೆ ಮಾಲಿನ ಆವಕ ಇರಲಿಲ್ಲ, ಪೇಟೆ ತಣ್ಣಗಿತ್ತು. ಜನವರಿ ಬಂತು, ಮೂಟೆ ಹೊತ್ತ ಲಾರಿಗಳು ಬಂದವು, ಊರೆಲ್ಲ ಘಾಟು. ಅವ್ವನ ಪಾಲಿಗೆ ಗಂಡ ಈಗ ಇನ್ನೊಮ್ಮೆ ಹೋದರು.

ಸಪ್ಪಳದ ಬಗ್ಗೆ ಮಗನಿಗೆ ಭಯವಿತ್ತು. 1971ರಲ್ಲಿ ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದ ಕತೆ ಹೇಳಿದೆ. ಅವರಲ್ಲಿ ಹತ್ತಿರಹತ್ತಿರ ಅರ್ಧ ಜನರಿಗೆ ಹೋದವರು ಒಂದಲ್ಲ ಒಂದು ರೀತಿಯಲ್ಲಿ ಇಲ್ಲೇ ಇದ್ದಂತೆ ಅನುಭವ ಆಗಿತ್ತು. ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿತ್ತು. ಬಹಳ ಜನಕ್ಕೆ ಅದರಿಂದ ಸಮಾಧಾನವೇ ಆಗಿತ್ತು. ಆದರೂ ಹೆಚ್ಚಿನವರು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅವ್ವ ಬಾಯಿ ಬಿಟ್ಟರು, ಅಷ್ಟೇ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ, ದುಃಖವನ್ನು ಕಾಯಿಲೆ ಎಂದು ಕರೆಯಬೇಕಾದರೆ ಅದು ಕನಿಷ್ಠ 6 ತಿಂಗಳು ಮೀರಿರಬೇಕು, ದಿನದ ಬದುಕನ್ನೇ ಕೆಡಿಸಿರಬೇಕು.

ತಲೆಸುತ್ತಿನ ಕತೆಯೇ ಬೇರೆ. ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ತರುತ್ತಿದ್ದವರು, ನೆನಪಿಸುತ್ತಿದ್ದವರು ಯಜಮಾನರು. ಅವರು ಹೋದ ಮೇಲೆ ಇದ್ದ ಮಾತ್ರೆ ಮುಗಿದಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಅವತ್ತೇ ವೈದ್ಯರ ಹತ್ತಿರ ಕಳಿಸಿದೆ. ಮನೆಯಲ್ಲಿ ಹಿರಿಯರು ಹೋದಾಗ ಉಳಿದವರ ಮಾತ್ರೆ ಡಬ್ಬಿಯನ್ನು ಮೊದಲು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ದುಃಖದ ಗದ್ದಲದಲ್ಲಿ ಅದು ಮರೆತೇಹೋಗುತ್ತದೆ.

ಎರಡನೇ ಸಲ ಮಗ, ಸೊಸೆ ಇಬ್ಬರೂ ಬಂದರು. ಅತ್ತೆ ಅಳಬಾರದು ಎಂದು ಮಾವನ ಫೋಟೋವನ್ನು ಕಪಾಟಿನಲ್ಲಿ ಇಟ್ಟಿದ್ದೇವೆ ಎಂದರು ಸೊಸೆ. ಮೊಮ್ಮಗಳಿಗೆ ಐದು ವರ್ಷ. "ಅಜ್ಜ ಮಲ್ಕೊಂಡಾನ" ಎಂದು ಹೇಳಿದ್ದರು. ಈಗ ಅವಳು ಮಲಗಲು ಹೆದರುತ್ತಾಳೆ. ಹೆದರದೆ ಏನು ಮಾಡೀತು ಮಗು, ಅಲ್ವಾ?

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಫೋಟೋ ಪಡಸಾಲೆಗೆ ಬರಲಿ. ಅವ್ವ ಅತ್ತರೆ ಅಳಲಿ, ಪಕ್ಕದಲ್ಲಿ ಕೂರಿ, "ಅಳಬ್ಯಾಡ" ಅನ್ನಬೇಡಿ. ಪೇಟೆಯ ದಿನ ರಾತ್ರಿ ಅವರು ಒಬ್ಬರೇ ಎಚ್ಚರ ಇರದ ಹಾಗೆ ನೋಡಿಕೊಳ್ಳಿ. ಮಗ ಹನ್ನೊಂದರವರೆಗೆ ಜೊತೆಗೆ ಕೂತು ಅಪ್ಪನ ಒಂದು ಸಂಗತಿ ಕೇಳಲಿ, ಬೇಕಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಬಾಗಿಲು ತೆಗೆಯಬೇಕು ಅನಿಸಿದರೆ ಇಬ್ಬರೂ ಎದ್ದು ತೆಗೆಯಿರಿ, ನೋಡಿ, ಚಿಲಕ ಹಾಕಿ. ಮಗುವಿಗೆ ನಿಜ ಹೇಳಿ: ಅಜ್ಜ ತೀರಿಕೊಂಡರು, ಅವರ ಎದೆ ಬಡಿತ ನಿಂತಿತು, ಇನ್ನು ಬರುವುದಿಲ್ಲ, ನಿದ್ದೆ ಬೇರೆ ಸಾವು ಬೇರೆ. ಅವಳು ಮತ್ತೆ ಮತ್ತೆ ಕೇಳುತ್ತಾಳೆ. ಅದೇ ಉತ್ತರ ಕೊಡಿ. ಅವ್ವ ಊಟ ಪೂರ್ತಿ ಬಿಟ್ಟರೆ, "ನಾನೂ ಅವರ ಹಿಂದ ಹೋಗ್ತೀನಿ" ಎಂಬ ಮಾತು ಬಂದರೆ ಮಾತ್ರ ತಡಮಾಡಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ.

ಮಗು ಬೇಗ ಸುಧಾರಿಸಿತು. ಸಕ್ಕರೆ ಹತೋಟಿಗೆ ಬಂದ ಮೇಲೆ ತಲೆಸುತ್ತೂ ಹೋಯಿತು. ಮಗನಿಗೇ ಕಷ್ಟವಾಯಿತು. ಮೊದಲು ಅಪ್ಪನ ಹೆಸರೆತ್ತದ ಆತ ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ಇನ್ನೊಂದು ತುದಿಗೆ ಹೋದರು. ಫ್ಲೆಕ್ಸ್, ಶಾಮಿಯಾನ, ಹಂಚಲು ಒಂದು ಚಿಕ್ಕ ಪುಸ್ತಕ. ಅದರ ಕರಡನ್ನು ನನ್ನೆದುರಿಗೇ ತಾಯಿಗೆ ಓದಿದರು: "ಕೋಪವೆಂಬುದನ್ನೇ ಅರಿಯದ ಶಾಂತಮೂರ್ತಿ..."

ಅವ್ವ ತಡೆದರು. "ಇದು ಯಾರ ಬಗ್ಗೆ ಬರದೀಪಾ?"

ಮಗನಿಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದೆ ಅತ್ತರು. ತಂದೆ ಹೋದ ಮೇಲೆ ಆತ ಅತ್ತದ್ದು ಅದೇ ಮೊದಲು ಎಂದು ಸೊಸೆ ಆಮೇಲೆ ಹೇಳಿದರು. ಇಂಥ ಹೊಗಳಿಕೆಯ ಪುಸ್ತಕಗಳನ್ನು ನಾನು ಬಹಳ ನೋಡಿದ್ದೇನೆ. ಒಂದರ ಹೆಸರು ತೆಗೆದು ಇನ್ನೊಂದಕ್ಕೆ ಹಾಕಿದರೂ ನಡೆಯುತ್ತದೆ. ಹೆಸರೆತ್ತದೆ ಇದ್ದಾಗ ಈ ಅವ್ವ ಗಂಡನನ್ನು ಎಷ್ಟು ಕಳೆದುಕೊಂಡಿದ್ದರೋ, ಶಾಂತಮೂರ್ತಿ ಮಾಡಿದಾಗಲೂ ಅಷ್ಟೇ ಕಳೆದುಕೊಳ್ಳುತ್ತಿದ್ದರು. ಕರಡು ಬಿಟ್ಟು ರಾತ್ರಿಯ ರೆಕಾರ್ಡಿಂಗ್‌ಗಳನ್ನೇ ಬರೆದು ಹಾಕಿ ಎಂದೆ. ಹಾಗೇ ಮಾಡಿದರು. ತಾಟು ಸರಿಸಿದ್ದೂ ಬಂತು, ಗಿರ್ಮಿಟ್ಟೂ ಬಂತು. ಪಟ್ಟಿಯಲ್ಲಿ ರೈತನಿಗೆ ಬರಬೇಕಾದ ದುಡ್ಡು ತಪ್ಪಾಗಿದೆ ಎಂದು ರಾತ್ರಿಯೇ ಗಾಡಿ ತೆಗೆದುಕೊಂಡು ಅವನ ಹಳ್ಳಿಗೆ ಹೋದ ಸಂಗತಿಯೂ ಬಂತು. ಮಗನಿಗೆ ಅದು ಗೊತ್ತೇ ಇರಲಿಲ್ಲ.

ಫ್ಲೆಕ್ಸ್ ಮಾತ್ರ ಹಾಕಿಸಿಯೇ ಹಾಕಿಸಿದರು. ಇರಲಿ, ಅದು ಮಗನ ಆಸೆ. ಅವ್ವನಿಗೆ ಗುರುವಾರ ರಾತ್ರಿ ಇನ್ನೂ ನಿದ್ದೆ ತಡವೇ. ಮುಂದಿನ ಭೇಟಿಯನ್ನು ಹೊಸ ಆವಕ ಶುರುವಾಗುವ ಮೊದಲೇ ಇಟ್ಟುಕೊಂಡಿದ್ದೇವೆ.